ಸರಳವಾಗಿ ಬದುಕಿದ್ರೆ ನಿಜಕ್ಕೂ ತೃಪ್ತಿ ಸಿಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಾಗ ಕೆಲ್ಸ ಐತಿ, ಸಂಬಳ ವರ್ಷಾ ವರ್ಷಾ ಏರ್ತೈತಿ, ಮನಿ ತುಂಬ ಸಾಮಾನು ಅದಾವು, ಆದ್ರೂ ರಾತ್ರಿ ಮಲಗುವಾಗ ಏನೋ ಕಮ್ಮಿ ಅನಸ್ತೈತಿ, ಸರಳವಾಗಿ ಬದುಕಿದ್ರೆ ತೃಪ್ತಿ ಸಿಗುತ್ತೆ ಅಂತಾರಲ್ಲ ಅದು ನಿಜಾನಾ, ನಿಜ ಆದ್ರೆ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೀರಿ. ನಾನು ಕೊಪ್ಪಳ ಜಿಲ್ಲಾ ಗಂಗಾವತಿಯಾಕಿ. ಇಲ್ಲೇ ಒಂದು ರೈಸ್ ಮಿಲ್ಲಿನಾಗ ಲೆಕ್ಕ ಬರೀತೀನಿ, ನಮ್ಮ ಮನಿಯವ್ರು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಾರ, ಇಬ್ರು ಮಕ್ಳು, ಅತ್ತಿ ನಮ್ಮ ಜೋಡಿನೇ ಅದಾರ. ದೊಡ್ಡ ಬದುಕೇನಲ್ರಿ ನಮ್ದು. ಆದ್ರ ನಾನು ನೆಮ್ಮದಿಯಾಗಿ ಅದೀನಿ, ಅದು ಹೆಂಗ ಬಂತು ಅನ್ನೋದು ನಂಗ ಗೊತ್ತೈತಿ, ಅದಕ್ಕ ಬರಿಯಾಕತ್ತೀನಿ. ಸ್ವಲ್ಪ ಉದ್ದ ಆಗ್ತೈತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನಿಜ ಐತ್ರಿ, ತೃಪ್ತಿ ಸಿಗತೈತಿ. ಆದ್ರ ಸಾಮಾನು ಕಡಿಮಿ ಮಾಡಿದ ಕೂಡ್ಲೇ ಮನಸು ಹಗುರ ಆಗ್ತೈತಿ ಅಂತ ಹೇಳ್ತಾರಲ್ಲ, ಅದನ್ನ ನಾನು ಅಷ್ಟು ನಂಬಂಗಿಲ್ಲ, ಯಾಕಂದ್ರ ನಮ್ಮ ಓಣ್ಯಾಗ ಸಾಮಾನೇ ಇಲ್ಲದ ಮನಿಗಳು ಬೇಕಾದಷ್ಟು ಅದಾವು, ಆ ಮನಿಗಳಾಗ ಚಿಂತಿಗೇನ್ ಬರ ಇಲ್ಲ. ನಾನು ಕಂಡುಕೊಂಡಿದ್ದು ಏನಂದ್ರ, ನಮ್ಮ ಮನಿಗೆ ಎಷ್ಟು ಬೇಕು ಅನ್ನೋದನ್ನ ದುಡ್ಡು ಕೈಗೆ ಬರೋಕಿಂತ ಮೊದ್ಲು, ತಲಿ ತಣ್ಣಗಿದ್ದಾಗ, ಮನಿ ಮಂದಿಯೆಲ್ಲ ಕೂತು ಗೊತ್ತು ಮಾಡ್ಕೋಬೇಕು. ದುಡ್ಡು ಬಂದ ಮ್ಯಾಲ ಕೂತ್ರ ಅದು ಆಗಂಗಿಲ್ಲ, ಅವಾಗ ಬೇಕು ಬೇಕು ಅನ್ನೋದ್ರ ಪಟ್ಟಿ ತಾನಾ ಬೆಳೀತೈತಿ.

ಇದು ನನ್ನ ತಲ್ಯಾಗ ಹುಟ್ಟಿದ್ದಲ್ರಿ. ನಮ್ಮ ಸೀಮಿಯ ಒಬ್ಬ ಹೆಣ್ಮಗಳು 12ನೇ ಶತಮಾನದಾಗೇ ಹೇಳ್ಯಾಳ, ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಜಿಲ್ಲಾ ಲಿಂಗಸುಗೂರು ತಾಲೂಕಿನ ಅಮರೇಶ್ವರದಾಕಿ, ಗಂಡ ಮಾರಯ್ಯ, ಇಬ್ರೂ ಕಲ್ಯಾಣಕ್ಕ ಹೋಗಿ ಬಸವಣ್ಣನೋರ ಕಾಲದಾಗ ಶರಣರಾಗಿ ಬಾಳಿದೋರು. ಬಿದ್ದ ಅಕ್ಕಿ ಆಯ್ಕೊಂಡು ಬರೋದು ಮಾರಯ್ಯನ ಕಾಯಕ, ಅದನ್ನ ಅಡಿಗಿ ಮಾಡಿ ಬಂದ ಜಂಗಮರಿಗೆ ನೀಡೋದು ಆಯಮ್ಮನ ದಾಸೋಹ. ಒಂದಿನ ಮಾರಯ್ಯ ದಿನಾ ತರೋದಕ್ಕಿಂತ ಜಾಸ್ತಿ ಅಕ್ಕಿ ತಂದ. ಆಯಮ್ಮ ನೋಡಿದ್ದೇ "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂದ್ಲು, ಹೆಚ್ಚಾಗಿದ್ದನ್ನ ವಾಪಸ್ ಅಲ್ಲೇ ಸುರಿದು ಬಾ ಅಂತ ಗಂಡನ್ನ ಕಳಿಸಿದ್ಲು ಅಂತ ಕಥಿ. ಚಿಕ್ಕಂದಿನಿಂದ ಕೇಳಿದ ಕಥಿ ಇದು, ಆದ್ರ ಲಗ್ನ ಆಗಿ ಮನಿ ಲೆಕ್ಕ ನನ್ನ ಕೈಗೆ ಬಂದ ಮ್ಯಾಲ ಇದ್ರಾಗಿನ ಇನ್ನೊಂದು ಮಾತು ಕಾಣಾಕ ಹತ್ತಿತು. ಅಕ್ಕಿ ಹೆಚ್ಚಾಗೈತಿ ಅಂತ ಆಯಮ್ಮಗ ನೋಡಿದ ಕೂಡ್ಲೇ ಹೆಂಗ ಗೊತ್ತಾತು? ದಿನದ ಅಳತಿ ಎಷ್ಟು ಅಂತ ಆಕಿ ಮನ್ಯಾಗ ಮೊದ್ಲೇ ಗೊತ್ತಿತ್ತು, ಅದಕ್ಕ. ಅಳತಿ ಇಲ್ಲದ ಮನ್ಯಾಗ ಎಷ್ಟು ಬಂದ್ರೂ ಹೆಚ್ಚಾತು ಅಂತ ಅನಸಂಗಿಲ್ಲ, ಎಲ್ಲಾ ಕಮ್ಮಿನೇ. ಮತ್ತ ಆಯಮ್ಮ ಉಪವಾಸ ಇರೋಣು ಅನ್ನಲಿಲ್ಲ ನೋಡ್ರಿ, ಒಲಿ ಹಚ್ಚಿದ್ಲು, ಅಡಿಗಿನೂ ಆತು, ಬಂದೋರ ಊಟಾನೂ ಆತು.

ನಮ್ಮ ಕಡೆ ಈ ಅಳತಿ ಯಾಕ ಬೇಕು ಅಂದ್ರ ಇಲ್ಲಿ ಎಲ್ಲಾರ ಬದುಕೂ ಡ್ಯಾಮಿನ ಮ್ಯಾಲ ನಿಂತೈತಿ. ತುಂಗಭದ್ರಾ ಎಡದಂಡಿ ಕಾಲುವಿಗೆ ನೀರು ಬಿಟ್ರ ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲಾ ಹಸಿರು, ಮಿಲ್ಲಿಗೆ ಭತ್ತ ಬರ್ತೈತಿ, ಹಮಾಲರಿಗೆ ಕೆಲ್ಸ, ಲಾರಿಯೋರಿಗೆ ಬಾಡಗಿ, ನಮ್ಮ ಮನಿಯವ್ರ ಅಂಗಡಿಗೆ ಸುಟ್ಟ ಮೋಟಾರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಕೊಂಡು ಹೋತಲ್ಲ, ಟಿವ್ಯಾಗ ನೀವೂ ನೋಡಿರಬೇಕು. ತುಂಬಿದ ಡ್ಯಾಮಿನ ನೀರು ಕಣ್ಣ ಮುಂದ ಹೊಳಿಗೆ ಹರಿದು ಹೊಂಟಿತ್ತು, ಒಂದು ವಾರದಾಗ ಗೇಟಿನ ಜಾಗಕ್ಕ ತಾತ್ಕಾಲಿಕವಾಗಿ ಸ್ಟಾಪ್ ಲಾಗ್ ಅಂತ ಉಕ್ಕಿನ ತಡಿ ಕೂಡ್ಸಿದ್ರು, ದೇವರು ದೊಡ್ಡಾವ, ಮುಂದ ಮಳಿನೂ ಬಂದು ಡ್ಯಾಮ್ ತುಂಬಿತು. ಆದ್ರ ಆ ಒಂದು ವಾರ ನಾನು ಮಿಲ್ಲಿನಾಗ ಮಂದಿ ಮಾರಿ ನೋಡೀನಿ. ಹಾರ್ವೆಸ್ಟರ್ ಮ್ಯಾಲ, ಕಾರಿನ ಮ್ಯಾಲ, ಮನಿ ಮ್ಯಾಲ ಮನಿ ಕಟ್ಟಿಸಿದ್ದಕ್ಕ ಕಂತು ಇದ್ದೋರು ಊಟ ಬಿಟ್ಟು ಫೋನ್ ಹಿಡ್ಕೊಂಡು ಕೂತಿದ್ರು, ಒಂದು ಬೆಳಿ ಹೋದ್ರ ಅವ್ರ ಕಥಿ ಮುಗೀತು. ಖರ್ಚು ಕೈ ಅಳತ್ಯಾಗ ಇದ್ದೋರಿಗೂ ಸಂಕಟ ಆಗಿತ್ತು, ಯಾಕ ಆಗಂಗಿಲ್ಲ, ಆದ್ರ ಅವ್ರು ಆಳಿಗೆ ಕೆಲ್ಸ ಹೇಳ್ತಿದ್ರು, ಮಕ್ಳ ಸಾಲಿ ಫೀ ಕಟ್ಟಿ ಬರ್ತಿದ್ರು, ರಾತ್ರಿ ನಿದ್ದಿ ಮಾಡ್ತಿದ್ರು. ಸರಳ ಬದುಕು ಅಂದ್ರ ನಂಗ ಕಾಣೋದು ಇದು. ಬರೋ ದುಡ್ಡು ಒಂದು ವರ್ಷ ಹೆಚ್ಚುಕಮ್ಮಿ ಆದ್ರೂ ಮನಿ ನಡೀಬೇಕು, ಅಷ್ಟರ ಮಟ್ಟಿಗೆ ಖರ್ಚು ಇರಬೇಕು. ನಿಮ್ಮ ಐಟಿ ಕಂಪ್ನಿನೂ ಒಂದು ಡ್ಯಾಮೇ ಅಂತ ತಿಳ್ಕೋರಿ, ಗೇಟು ಯಾವಾಗ ಏನಾಗ್ತೈತೋ ಯಾರಿಗೆ ಗೊತ್ತು.

ನಮ್ಮನ್ಯಾಗ ಹೆಂಗ ಅಂತ ಹೇಳ್ತೀನಿ. ಎರಡು ಖೋಲಿ, ಒಂದು ಪಡಸಾಲಿ, ಅಡಿಗಿ ಮನಿ, ಅಷ್ಟ. ಒಂದು ಬೈಕು, ಒಂದು ಸ್ಕೂಟಿ. ನಮ್ಮ ಮನಿಯವ್ರಿಗೆ ಕಾರಟಗ್ಯಾಗ ಇನ್ನೊಂದು ಅಂಗಡಿ ಹಾಕು, ಸಾಲ ಕೊಡಸ್ತೀವಿ ಅಂತ ಗೆಳ್ಯಾರು ಭಾಳ ಹೇಳಿದ್ರು. ಇಬ್ರೂ ಕೂತು ಲೆಕ್ಕ ಹಾಕಿದ್ವಿ, ಲಾಭ ಏನೋ ಬರ್ತಿತ್ತು, ಸುಳ್ಳು ಯಾಕ ಹೇಳ್ಬೇಕು, ಆದ್ರ ಅವ್ರು ಮನಿಗೆ ಬರೋದು ರಾತ್ರಿ ಹತ್ತು ಹನ್ನೊಂದು ಆಗ್ತಿತ್ತು, ಈಗ ದೀಪ ಹಚ್ಚೋ ಹೊತ್ತಿಗೆ ಬರ್ತಾರ, ಸಣ್ಣ ಮಗಳಿಗೆ ಮಗ್ಗಿ ಹೇಳಿಸ್ತಾರ, ಅತ್ತಿ ಕಾಲಿಗೆ ಎಣ್ಣಿ ಹಚ್ತಾರ. ಅದನ್ನ ಕೊಟ್ಟು ಆ ಲಾಭ ತಗೋಬ್ಯಾಡ ಅಂತ ಇಬ್ರಿಗೂ ಅನಸ್ತು, ಬಿಟ್ವಿ. ಬಂಗಾರಕ್ಕೂ ಹಂಗ, ಮಗಳ ಹೆಸ್ರಲ್ಲಿ ಇಷ್ಟು ಅಂತ ಮಾಡ್ಕೊಂಡೀವಿ, ಅದು ಆದ ಮ್ಯಾಲ ಅಂಗಡಿ ಮೆಟ್ಲು ಹತ್ತಂಗಿಲ್ಲ. ಮದ್ವಿ ಮುಂಜ್ವಿಗೆ ಮಂದಿ ನೋಡ್ಲಿ ಅಂತ ಖರ್ಚು ಮಾಡೋದು ನಮ್ಮ ಸೀಮ್ಯಾಗ ದೊಡ್ಡ ರೋಗ ಆಗೈತಿ, ಹೊಲ ಮಾರಿ ಪೆಂಡಾಲ್ ಹಾಕ್ತಾರ, ಆದ್ರ ಜಾತ್ರ್ಯಾಗ ಸಾಮೂಹಿಕ ವಿವಾಹದಾಗ ತಾಳಿ ಕಟ್ಟಿಸ್ಕೊಂಡು ಚೆಂದ ಸಂಸಾರ ಮಾಡೋ ಎಷ್ಟೋ ಜೋಡಿ ಕಣ್ಣ ಮುಂದ ಅದಾವು.

ಈಗ ಒಂದು ಮಾತು ಖಂಡಿತ ಹೇಳ್ಬೇಕು. ಸರಳ ಬದುಕು ಅಂದ ಕೂಡ್ಲೇ ಎಲ್ಲಾರೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಫೋಟೋ ಹಾಕ್ತಾರ, ಹಳ್ಳಿ ಊಟ ಎಷ್ಟು ಸರಳ ಅಂತಾರ. ಉಣ್ಣೋರಿಗೆ ಸರಳ ರೀ. ಮಾಡೋರನ್ನ ಕೇಳ್ರಿ. ಜೋಳದ ಹಿಟ್ಟಿಗೆ ಗೋದಿಯಂಗ ಜಿಗಟು ಇಲ್ಲ, ಅದಕ್ಕ ಕುದಿಯೋ ಎಸರು ಹಾಕಿ, ಕೈ ಸುಡ್ತಿರುವಾಗಲೇ ಅಂಗೈಯಿಂದ ಒತ್ತಿ ಒತ್ತಿ ನಾದ್ಬೇಕು, ಸ್ವಲ್ಪ ನಾದಿದ್ದು ಕಮ್ಮಿ ಆತೋ ಅಂಚು ಸೀಳ್ತೈತಿ. ಆಮ್ಯಾಲ ಒಣ ಹಿಟ್ಟು ಹಾಕಿ, ಒಂದು ಕೈಲಿ ಬಡೀತಾ ಇನ್ನೊಂದು ಕೈಲಿ ತಿರುಗಿಸ್ತಾ ಅಗಲ ಮಾಡ್ಬೇಕು, ಎತ್ತಿ ಹಂಚಿನ ಮ್ಯಾಲ ಹಾಕ್ಬೇಕು, ಮ್ಯಾಲ ನೀರಿನ ಅರಿವಿ ಸವರಬೇಕು, ನೀರು ಆರೋ ಹೊತ್ತಿಗೆ ಸರಿಯಾಗಿ ಹೊಳ್ಳಿ ಹಾಕ್ಬೇಕು, ಆವಾಗ ಉಬ್ಬತೈತಿ. ಇದು ಒಂದು ರೊಟ್ಟಿ ಕಥಿ. ಮನಿ ಮಂದಿಗೆಲ್ಲ ಬಡಿಯೋ ಹೊತ್ತಿಗೆ ಮೇ ತಿಂಗಳ ಬಿಸಿಲಾಗ ಒಲಿ ಮುಂದ ಕೂತ ಹೆಣ್ಮಗಳ ಸೀರಿ ಮೈಗೆ ಅಂಟಿರತೈತಿ. ಹಂಗಾಗಿ ಮನಿಯಾಗ ಒಬ್ರ ಸರಳತೆ ಇನ್ನೊಬ್ರ ದುಡಿತದ ಮ್ಯಾಲ ನಿಂತಿದ್ರ ಅದನ್ನ ನಾನು ಸರಳ ಬದುಕು ಅಂತ ಒಪ್ಪಂಗಿಲ್ಲ, ಎಷ್ಟು ವಚನ ಹೇಳಿದ್ರೂ ಒಪ್ಪಂಗಿಲ್ಲ. ನಮ್ಮನ್ಯಾಗ ವಾರದ ದಿನ ರೊಟ್ಟಿ ಓಣಿಯ ಅಕ್ಕೋರ ಹತ್ರ ತರ್ತೀವಿ, ಅವ್ರಿಗೂ ನಾಕು ಕಾಸು ಆಗ್ತೈತಿ, ಖಡಕ್ ರೊಟ್ಟಿ ಆದ್ರ ವಾರಗಟ್ಲೆ ಕೆಡಂಗಿಲ್ಲ. ಪಲ್ಯ ನಾನು ಮಾಡ್ತೀನಿ, ಕಾಯಿಪಲ್ಯ ಹೆಚ್ಚೋದು, ಪಾತ್ರಿ ತೊಳಿಯೋದು ನಮ್ಮ ಮನಿಯವ್ರದು ಮತ್ತ ಮಗಂದು. ರವಿವಾರ ಮುಂಜಾನಿ ಒಲಿನೇ ಹಚ್ಚಂಗಿಲ್ಲ, ಹೋಟೆಲಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿ ಎಲ್ಲಾರೂ ಪಡಸಾಲ್ಯಾಗ ಕೂತು ತಿಂತೀವಿ, ಮಗ ಮಿರ್ಚಿ ಒಳಗಿನ ಮೆಣಸಿನಕಾಯಿ ತೆಗೆದು ಅವ್ರಪ್ಪನ ತಾಟಿಗೆ ಹಾಕ್ತಾನ. ಆ ಹೊತ್ತಿನಷ್ಟು ಖುಷಿ ನಂಗ ಬ್ಯಾರೆ ಯಾವುದ್ರಾಗೂ ಇಲ್ರಿ.

ಎಲ್ಲಾ ಬಿಟ್ಟುಬಿಡ್ರಿ ಅಂತಾನೂ ನಾನು ಹೇಳಂಗಿಲ್ಲ. ಬ್ಯಾಸಗ್ಯಾಗ ಇಲ್ಲಿ 40 ಡಿಗ್ರಿ ದಾಟತೈತಿ, ಕೂಲರ್ ಇಲ್ದ ವಯಸ್ಸಾದೋರು ಮಲಗೋದಾದ್ರೂ ಹೆಂಗ? ನಮ್ಮ ಕಡೆ ಗಾಳಿ ಒಣ ಇರೋದ್ರಿಂದ ಕೂಲರ್ ಹುಲ್ಲಿನ ನೀರು ಬೇಗ ಆರಿ ಖೋಲಿ ತಣ್ಣಗ ಮಾಡ್ತೈತಿ, ಎಸಿ ಬೇಕಂತಿಲ್ಲ, ಕರೆಂಟು ಬಿಲ್ಲೂ ಕಡಿಮಿ. ಕೂಲರ್, ಮಿಕ್ಸರ್, ವಾಷಿಂಗ್ ಮಷೀನ್ ಇವು ಮೂರು ನಾನು ಬಿಡಂಗಿಲ್ಲ, ಇವು ಇರೋದ್ರಿಂದನೇ ನಂಗ ಸಂಜಿಗೆ ಕಟ್ಟಿ ಮ್ಯಾಲ ಕೂತು ಮಾತಾಡಾಕ ಹೊತ್ತು ಸಿಗತೈತಿ. ದವಾಖಾನಿ ಖರ್ಚು, ಮಕ್ಳ ಪುಸ್ತಕ, ಇದ್ರಾಗೂ ಕೈ ಹಿಡಿಯೋದಿಲ್ಲ. ಇನ್ನೊಂದು, ದೇವದುರ್ಗ, ಲಿಂಗಸುಗೂರು ಕಡೆಯಿಂದ ಎಷ್ಟೋ ಮಂದಿ ಮಕ್ಳು ಮರಿ ಕಟ್ಕೊಂಡು ಬೆಂಗಳೂರಿಗೆ ಗುಳೆ ಬರ್ತಾರ, ನಿಮ್ಮ ಆಫೀಸಿನ ಬಾಜೂಕ ಕಟ್ಟೋ ಬಿಲ್ಡಿಂಗಿನಾಗ ತಗಡಿನ ಶೆಡ್ಡಿನಾಗ ಇರ್ತಾರ ನೋಡ್ರಿ, ಅವ್ರಲ್ಲಿ ಸಾಮಾನು ಕಡಿಮಿ ಐತಿ, ಆದ್ರ ಅದನ್ನ ಅವ್ರು ಆರಿಸ್ಕೊಂಡಿದ್ದಲ್ಲ. ಅವ್ರನ್ನ ನೋಡಿ "ಎಷ್ಟು ಸರಳ, ಎಷ್ಟು ಖುಷಿ" ಅಂತ ಯಾರಾದ್ರೂ ಬರೆದ್ರ ನಂಗ ಹೊಟ್ಟಿ ಉರೀತೈತಿ. ಅವ್ರಿಗೆ ಬೇಕಾಗಿರೋದು ಊರಾಗ ಕೆಲ್ಸ, ನ್ಯಾಯವಾದ ಕೂಲಿ, ಸಾಲಿ ಬಿಡದ ಮಕ್ಳು. ಸಾಕು ಅನ್ನೋ ಮಾತು ಕೈಯಾಗ ಸ್ವಲ್ಪ ಇದ್ದ ನಮ್ಮಂಥೋರು ನಮಗ ನಾವೇ ಹೇಳ್ಕೋಬೇಕಾದ ಮಾತು, ಬ್ಯಾರೆಯೋರಿಗೆ ಉಪದೇಶ ಮಾಡೋದಲ್ಲ.

ತೃಪ್ತಿ ಅನ್ನೋದು ಉಳಿಸೋದ್ರಾಗ ಅಷ್ಟ ಐತಿ ಅಂದ್ಕೊಂಡ್ರ ಅರ್ಧ ಮಾತ್ರ ಸಿಗತೈತಿ, ಉಳಿದಿದ್ದು ಕೊಡೋದ್ರಾಗ ಐತಿ. ಒಂದ್ಸಲ ಜನವರಿಯಾಗ ಕೊಪ್ಪಳದ ಗವಿಮಠದ ಜಾತ್ರಿಗೆ ಬರ್ರಿ. ಸುತ್ತಮುತ್ತಲ ಹಳ್ಳಿ ಹೆಣ್ಮಕ್ಳು ಜಾತ್ರಿ ಇನ್ನೂ ದೂರ ಇರುವಾಗಲೇ ಗುಂಪು ಕೂಡಿ ರೊಟ್ಟಿ ಬಡೀತಾರ, ಟ್ರ್ಯಾಕ್ಟರಿನಾಗ ಹೇರ್ಕೊಂಡು ಡೊಳ್ಳು ಬಾರಿಸ್ಕೊಂತ ಮಠಕ್ಕ ತರ್ತಾರ, ಲಕ್ಷಗಟ್ಲೆ ರೊಟ್ಟಿ ಕೂಡ್ತಾವು, ಬಂದೋರು ಯಾವ ಜಾತಿ ಯಾವ ಊರು ಅಂತ ಯಾರೂ ಕೇಳಂಗಿಲ್ಲ, ತಾಟು ಹಿಡಿದ್ರ ನೀಡ್ತಾರ. ಆ ರೊಟ್ಟಿ ಕೊಟ್ಟೋರಲ್ಲಿ ಎಷ್ಟೋ ಮಂದಿಗೆ ಸ್ವಂತ ಹೊಲ ಇಲ್ಲ. ಮ್ಯಾಲ ನಾನು ರೊಟ್ಟಿ ಬಡಿಯೋ ಕಷ್ಟ ಹೇಳಿದ್ನಲ್ಲ, ಅದೇ ಕೆಲ್ಸನ ಅವ್ರು ಹಾಡು ಹೇಳ್ಕೊಂತ ಮಾಡ್ತಾರ, ಯಾಕಂದ್ರ ಯಾರೂ ಹೇರಿದ್ದಲ್ಲ, ತಮ್ಮ ಮನಸಿಂದ ಮಾಡೋದು. ನಾವೂ ನಮ್ಮತ್ತಿ ಊರಿಂದ ವರ್ಷಾ ವರ್ಷಾ ಒಂದು ಗಂಟು ಕಳಿಸ್ತೀವಿ. ಆ ದಿನ ನಮ್ಮತ್ತಿ ಮಾರಿ ಮ್ಯಾಲಿನ ಕಳಿ ನೋಡಿದ್ರ, ಈ ಮನುಷ್ಯಾಳಿಗೆ ಏನು ಕಮ್ಮಿ ಐತಿ ಅಂತ ಅನಸ್ತೈತಿ.

ಇನ್ನ ನೀವು ಎಲ್ಲಿಂದ ಶುರು ಮಾಡ್ಬೇಕು ಅಂದ್ರ, ಕೆಲ್ಸ ಬಿಟ್ಟು ಊರಿಗೆ ಬರೋದು, ಇದ್ದ ಸಾಮಾನೆಲ್ಲ ಮಾರೋದು, ಇಂಥದ್ದೇನೂ ಬ್ಯಾಡ್ರಿ. ಮೊದ್ಲು ಸಾಲ ಇದ್ರ ಅದ್ರಾಗ ಬಡ್ಡಿ ಜಾಸ್ತಿ ಇರೋದನ್ನ ತೀರಿಸ್ರಿ, ಕ್ರೆಡಿಟ್ ಕಾರ್ಡಿಂದು ಆದ್ರ ಇವತ್ತೇ, ಕಂತಿನ ದಿನ ತಲ್ಯಾಗ ಕೂತಿರೋತನಕ ಯಾವ ಧ್ಯಾನಾನೂ ಹಿಡಿಯಂಗಿಲ್ಲ. ಆಮ್ಯಾಲ ಮನ್ಯಾಗ ಯಾರದಾರೋ ಅವ್ರನ್ನ ಕೂಡ್ಸಿಕೊಂಡು ಕೇಳ್ರಿ, ದಿನದಾಗ ನಿಮಗ ಯಾವ ಹೊತ್ತು ಚೆಂದ ಅನಸ್ತೈತಿ ಅಂತ. ಅವ್ರು ಹೇಳೋದು ಭಾಳ ಸಣ್ಣದಿರತೈತಿ, ಒಂದು ಚಾ, ಒಂದು ವಾಕಿಂಗು, ಮಗು ಜೋಡಿ ಒಂದು ಆಟ. ಆ ಹೊತ್ತನ್ನ ಯಾವ ಕೆಲ್ಸ, ಯಾವ ಖರ್ಚು ತಿಂತೈತಿ ಅಂತ ನೋಡಿ ಅದನ್ನ ಮೊದ್ಲು ಕಡಿಮಿ ಮಾಡ್ರಿ, ಉಳಿದಿದ್ದು ನಿಧಾನಕ್ಕ ಆಗ್ತೈತಿ. ಒಬ್ರೇ ಇದ್ರ ಗೆಳ್ಯಾರ ಜೋಡಿ ವಾರಕ್ಕ ಒಂದ್ಸಲ ಅಡಿಗಿ ಮಾಡಿ ಕೂಡಿ ಉಣ್ರಿ, ಆರ್ಡರ್ ಮಾಡಬ್ಯಾಡ್ರಿ. ಸಂಬಳ ಏರ್ತೈತಿ ಅಂದಿರಲ್ಲ, ಮುಂದಿನ ಇನ್‌ಕ್ರಿಮೆಂಟ್ ಲೆಟರ್ ಬರೋಕಿಂತ ಮೊದ್ಲು, ಆ ಹೆಚ್ಚಾಗೋ ದುಡ್ಡಿನಾಗ ಎಷ್ಟು ಮನಿಗೆ, ಎಷ್ಟು ಉಳಿತಾಯಕ್ಕ, ಎಷ್ಟು ಊರಿನ ಯಾರ ಮಗುವಿನ ಫೀಗೆ ಅಂತ ಒಂದು ಹಾಳ್ಯಾಗ ಬರೆದು ಅಡಿಗಿ ಮನಿ ಗ್ವಾಡಿಗೆ ಅಂಟಿಸಿ ಇಡ್ರಿ. ಬರಿಯಾಕ ಕೂತಾಗ ಎಲ್ಲಿ ತೊಡಕಾತು ಅಂತ ಇಲ್ಲೇ ಕೆಳಗ ತಿಳಿಸ್ರಿ, ಲೆಕ್ಕದ ಕೆಲ್ಸ ನಂದು, ಕೂತು ಹೇಳ್ತೀನಿ.