ಮನೆಯಲ್ಲೇ ಅದಿರು ಕಾಸಿ ಉಕ್ಕು ಮಾಡಿ, ಅದರಿಂದ ಕತ್ತಿ ಹೊಡೆಯಲು ಆಗುತ್ತಾ?

ಮೂಡಿಗೆರೆ ಕಡೆಯವರು ಅಂತ ಬರೆದಿದ್ದೀರಿ. ಅಂಗಡಿಯ ಉಕ್ಕಿನ ಪಟ್ಟಿ ತರದೆ, ಅದಿರಿನಿಂದಲೇ ಶುರು ಮಾಡಿ ಒಂದು ಮಲೆನಾಡಿನ ಕತ್ತಿ ಮಾಡಬೇಕು, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನಾನು ಸಕಲೇಶಪುರದ ಹತ್ತಿರ ನಮ್ಮೂರ ಆಚಾರ್ರ ಕುಲುಮೆಯಲ್ಲಿ ಕೆಲಸ ಕಲಿತವನು. ಈ ಕೆಲಸಕ್ಕೆ ಕೈ ಹಾಕುವವರೆಲ್ಲ ಒಲೆ ಕಟ್ಟುವುದರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಕತ್ತಿಯ ಹಣೆಬರಹ ತೀರ್ಮಾನ ಆಗುವುದು ಒಲೆ ಆರಿದ ಮೇಲೆ, ಚೂರುಗಳನ್ನು ಆರಿಸುವಾಗ.

ಮೊದಲು ಅದಿರು. ಕೆಮ್ಮಣ್ಣುಗುಂಡಿಯೋ ಕುದುರೆಮುಖವೋ ಹತ್ತಿರವೇ ಇದೆ ಅಂತ ಅಲ್ಲಿಂದ ಕಲ್ಲು ತರುವ ಯೋಚನೆ ಬೇಡ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು, ಅದು ರಾಷ್ಟ್ರೀಯ ಉದ್ಯಾನ. ಅದರ ಬದಲು ಜೋರು ಮಳೆ ಬಿಟ್ಟ ಮೇಲೆ ನಿಮ್ಮ ತೋಟದ ಚರಂಡಿಯ ತಿರುವುಗಳನ್ನು ನೋಡಿ. ಕೆಲವು ಕಡೆ ಕಪ್ಪು ಮರಳು ಗೆರೆ ಗೆರೆಯಾಗಿ ಕೂತಿರುತ್ತೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ಅಂಟಿಕೊಂಡದ್ದು ಅದಿರು, ಕವರ್ ಬಿಚ್ಚಿದರೆ ಉದುರುತ್ತೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್, ಮಳೆನೀರು ಕೊಚ್ಚಿ ತಂದ ಇಂಥದೇ ಕಪ್ಪು ಮರಳಿನಿಂದ ನಮ್ಮ ಜನ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಒಲೆ ಸುಲಭ. ಜೇಡಿಮಣ್ಣಿಗೆ ಹುಲ್ಲು ಕಲಸಿ ಮೂರರಿಂದ ನಾಲ್ಕು ಅಡಿ ಎತ್ತರ, ಒಳಗೆ ಸುಮಾರು 25 ಸೆಂ.ಮೀ. ಅಗಲ ಬಿಟ್ಟು ಕಟ್ಟಿ. ತಳದಿಂದ ಒಂದು ಗೇಣು ಮೇಲೆ ಗಾಳಿ ಕೊಳವೆ, ಸ್ವಲ್ಪ ಕೆಳಕ್ಕೆ ಓರೆಯಾಗಿ. ತಿದಿ ಇಲ್ಲದಿದ್ದರೆ ಬ್ಲೋವರ್ ಸಾಕು. ಮಣ್ಣು ಪೂರ್ತಿ ಒಣಗಿರಲಿ. ಬಯಲಿನಲ್ಲೇ ಮಾಡಿ, ಈ ಹೊಗೆ ಶೆಡ್ಡಿನೊಳಗೆ ತುಂಬಿದರೆ ಜೀವಕ್ಕೇ ಅಪಾಯ. ಇದ್ದಲು, ಅದಿರು ಸಮತೂಕದಲ್ಲಿ ಒಂದಾದ ಮೇಲೊಂದು ಹಾಕುತ್ತಾ ಹೋಗಿ. 10 ಕೆಜಿ ಅದಿರಿಗೆ 2–3 ಕೆಜಿ ಕಬ್ಬಿಣದ ಮುದ್ದೆ ಸಿಕ್ಕರೆ ಚೆನ್ನಾಗಿಯೇ ಬಂತು ಅನ್ನಿ.

ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಈ ಒಲೆಯಲ್ಲಿ ಅಷ್ಟು ಕಾವು ಬರಲ್ಲ. ಕಿಟ್ಟ, ಅಂದರೆ ಅದಿರಿನ ಕಸ ಮಾತ್ರ ಕರಗಿ ಕೆಳಗಿಳಿಯುತ್ತೆ, ಕಬ್ಬಿಣ ಜೇನುಹುಟ್ಟಿನ ಹಾಗೆ ತೂತು ತೂತಾಗಿ ಅಂಟಿಕೊಂಡು ನಿಲ್ಲುತ್ತೆ. ಆ ಮುದ್ದೆಯ ಒಂದು ಮೂಲೆಯಲ್ಲಿ ಗಟ್ಟಿ ಉಕ್ಕು ಇರುತ್ತೆ, ಇನ್ನೊಂದು ಮೂಲೆಯಲ್ಲಿ ಮೆತ್ತಗಿನ ಕಬ್ಬಿಣ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಇಲ್ಲಿ ಅವಸರ ಮಾಡಬೇಡಿ. ಬಿಸಿ ಇರುವಾಗಲೇ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕಿಟ್ಟ ಉದುರಿಸಿ, ಆಮೇಲೆ ತುಂಡು ಮಾಡಿ. ಒಂದೊಂದು ತುಂಡನ್ನೂ ಕಾಸಿ, ನಾಣ್ಯದಷ್ಟು ತೆಳ್ಳಗೆ ಬಡಿದು, ಕೆಂಪಗಿರುವಾಗ ನೀರಿಗೆ ಹಾಕಿ. ತಣ್ಣಗಾದ ಮೇಲೆ ಅಡಿಗಲ್ಲಿನ ಅಂಚಿಗಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ಟಣ್ ಅಂತ ಮುರಿದು ಒಳಗೆ ನುಣ್ಣನೆಯ ಬೂದು ಬಣ್ಣ ಕಂಡರೆ ಉಕ್ಕು. ಮುರಿಯದೆ ಬಾಗಿದರೆ ಬರೀ ಕಬ್ಬಿಣ. ಅನುಮಾನ ಬಂದರೆ ಸಾಣೆಗೆ ಹಿಡಿದು ಕಿಡಿ ನೋಡಿ. ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಸಿಡಿಯುತ್ತೆ, ಕಬ್ಬಿಣದ್ದು ಉದ್ದ ಗೆರೆಯಾಗಿ ಹೋಗುತ್ತೆ. ಎರಡು ಬುಟ್ಟಿ ಇಟ್ಟುಕೊಂಡು ಬೇರೆ ಮಾಡಿ. ಉಕ್ಕಿನ ಚೂರುಗಳನ್ನು ಪೇರಿಸಿ, ಬಿಳಿಗಾರ ಉದುರಿಸಿ, ಬೆಳ್ಳಗೆ ಕಾಸಿ ಬೆಸೆದು, ಐದಾರು ಸಲ ಮಡಿಸಿ. ಮಡಿಸಿದಷ್ಟೂ ಕಿಟ್ಟ ಹೊರಗೆ ಬರುತ್ತೆ, ತೂಕ ಅರ್ಧಕ್ಕೆ ಇಳಿಯುತ್ತೆ. ಬೇಜಾರಾಗಬೇಡಿ. ಮೆತ್ತಗಿನ ಕಬ್ಬಿಣವನ್ನೂ ಬಿಸಾಡಬೇಡಿ. ಅದನ್ನು ಕತ್ತಿಯ ಮೈಗೆ ಹಾಕಿ, ಉಕ್ಕನ್ನು ಕತ್ತರಿಸುವ ಬಾಯಿಗೆ ಮಾತ್ರ ಕೂರಿಸಿ. ನನಗೆ ಈ ಥರದ ಕತ್ತಿಯೇ ಇಷ್ಟ, ಕೊಂಬೆಗೆ ಬೀಸಿದರೆ ಮುರಿಯಲ್ಲ.

ಮೂಸೆಯ ಉಕ್ಕಿನ ಬಗ್ಗೆಯೂ ಕೇಳಿದ್ದೀರಿ. ಬುಕಾನನ್ ಕಾಲದಲ್ಲಿ ಪುಟ್ಟ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ ಕಾಸುತ್ತಿದ್ದರು. ಕಲ್ಲುಕುಟಿಗರ ಉಳಿಗೆ, ವಾದ್ಯದ ತಂತಿಗೆ ಆ ಉಕ್ಕು ಹೋಗುತ್ತಿತ್ತು. ಅದು ಅದ್ಭುತವೇ. ಆದರೆ ಬೆಳ್ಳಗೆ ಕಾಸಿ ಹೊಡೆದರೆ ಪುಡಿಯಾಗುವ ಉಕ್ಕು ಅದು. ಕೈ ಪಳಗಿದ ಮೇಲೆ ನೋಡೋಣ.

ಇನ್ನು ಹದ. ಲಾರಿಯ ಸ್ಪ್ರಿಂಗ್ ಪ್ಲೇಟಿನ ಕತ್ತಿಯನ್ನು ಎಣ್ಣೆಗೆ ಹಾಕುತ್ತಾರೆ ಅಲ್ವಾ? ನಿಮ್ಮ ಉಕ್ಕಿನಲ್ಲಿ ಮ್ಯಾಂಗನೀಸ್ ತೀರಾ ಕಡಿಮೆ, ಹಾಗಾಗಿ ಎಣ್ಣೆಯಲ್ಲಿ ಸರಿಯಾಗಿ ಗಟ್ಟಿಯಾಗಲ್ಲ. ಉಗುರುಬೆಚ್ಚಗಿನ ನೀರೇ ಬೇಕು. ಅಯಸ್ಕಾಂತಕ್ಕೆ ಅಂಟುವುದು ನಿಂತ ಮೇಲೆ ಇನ್ನೂ ಸ್ವಲ್ಪ ಕಾಸಿ, ಬಾಯಿ ಕಡೆಯನ್ನು ಮಾತ್ರ ಅದ್ದಿ. ನಂತರ ಉಜ್ಜಿ ಹೊಳಪು ತಂದು ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಸಿ. ಚಾಕುವಾದರೆ ಬಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ, ಮಚ್ಚಾದರೆ ನೇರಳೆ ಇಣುಕುವ ತನಕ ಬಿಡಿ.

ಮೊದಲಿಗೆ ಒಂದು ಸಣ್ಣ ಕಸಿ ಚಾಕು ಮಾಡಿ, ದೊಡ್ಡ ಕತ್ತಿ ಆಮೇಲೆ. ಮರಳನ್ನು ಈ ಮಳೆಗಾಲದಲ್ಲೇ ಕೂಡಿಡಿ, ಒಲೆ ಜನವರಿಯಲ್ಲಿ ಹಚ್ಚಿ. ಸುತ್ತ ಒಣಹುಲ್ಲು ಕೆರೆದು, ನೀರು ಪಕ್ಕದಲ್ಲೇ ಇಟ್ಟುಕೊಳ್ಳಿ. ಮುರಿದ ಚೂರುಗಳ ಫೋಟೋ ಹಾಕಿದರೆ ಯಾವುದು ಯಾವ ಬುಟ್ಟಿಗೆ ಅಂತ ನೋಡಿ ಹೇಳುತ್ತೇನೆ.