ಹಲವು ದೇಶಗಳಲ್ಲಿ ಹರಡಿರುವ ನನ್ನ ಆನ್‌ಲೈನ್ ಮಾಹಿತಿಯನ್ನು ನಾನೇ ಪರಿಶೀಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಹುಟ್ಟಿದ ದೇಶ, ಓದಿದ ದೇಶ, ಈಗ ದುಡಿಯುತ್ತಿರುವ ದೇಶ ಮೂರೂ ಬೇರೆಯಾಗಿರುವಾಗ ನಿಮ್ಮ ಬಗ್ಗೆ ಯಾರ ಬಳಿ ಏನಿದೆ ಎಂದು ತಿಳಿಯುವುದು ಹೇಗೆ ಎಂಬುದು ಮೊದಲನೆಯದು. ಯಾವ ದೇಶದ ಕಾನೂನು ನಿಮ್ಮ ಬೆನ್ನಿಗೆ ನಿಲ್ಲುತ್ತದೆ ಎಂಬುದು ಎರಡನೆಯದು. ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದಕ್ಕೆ ಕೈ ಹಾಕಿದರೆ ಶ್ರಮ ವ್ಯರ್ಥ. ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಇಲ್ಲಿ ಪಾಸ್‌ಪೋರ್ಟ್ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ನಿಮ್ಮ ಪೌರತ್ವವನ್ನು ಕೇಳುವುದೇ ಇಲ್ಲ. ಕಂಪನಿ ಒಕ್ಕೂಟದಲ್ಲಿ ನೆಲೆ ಹೊಂದಿದೆಯೇ, ಇಲ್ಲವಾದರೆ ಅಲ್ಲಿರುವವರಿಗೆ ಸರಕು, ಸೇವೆ ಒದಗಿಸುತ್ತಿದೆಯೇ ಅಥವಾ ಅವರ ನಡವಳಿಕೆಯ ಮೇಲೆ ಕಣ್ಣಿಟ್ಟಿದೆಯೇ ಎಂಬುದನ್ನು ನೋಡುತ್ತದೆ. ಬರ್ಲಿನ್‌ನಲ್ಲಿ ಓದುವ ಭಾರತೀಯ ವಿದ್ಯಾರ್ಥಿಗೆ ಅದರ ರಕ್ಷಣೆ ಉಂಟು. ಸಿಂಗಪುರದಲ್ಲಿದ್ದುಕೊಂಡು ಅಲ್ಲಿನ ಸೇವೆಯನ್ನೇ ಬಳಸುವ ಜರ್ಮನ್ ಪ್ರಜೆಗೆ ಸಾಮಾನ್ಯವಾಗಿ ಇಲ್ಲ. 2020ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಗ್ರಾಹಕ ಗೋಪ್ಯತಾ ಕಾನೂನಂತೂ ಆ ರಾಜ್ಯದ ನಿವಾಸಿಗಳಿಗೆ ಮಾತ್ರ.

ಹಾಗಾಗಿ ಪ್ರತಿಯೊಂದು ಖಾತೆಯಲ್ಲಿಯೂ ನಾನು ಮೊದಲು ಹುಡುಕುವುದು ಒಂದೇ ವಿಷಯ: ಈ ಕಂಪನಿ ನನ್ನನ್ನು ಯಾವ ದೇಶದವನೆಂದು ಬರೆದುಕೊಂಡಿದೆ? ಗೂಗಲ್ ಐರೋಪ್ಯ ಆರ್ಥಿಕ ವಲಯ ಮತ್ತು ಸ್ವಿಟ್ಜರ್ಲೆಂಡ್‌ನವರೊಂದಿಗೆ ತನ್ನ ಐರ್ಲೆಂಡ್ ಕಂಪನಿಯ ಹೆಸರಿನಲ್ಲಿ ವ್ಯವಹರಿಸುತ್ತದೆ. ಭಾರತದಲ್ಲಿರುವವರೊಂದಿಗೆ ಅಮೆರಿಕದ ಕಂಪನಿಯ ಹೆಸರಿನಲ್ಲಿ. ಖಾತೆಗೆ ಲಾಗಿನ್ ಆಗಿ ಅದರ ಸೇವಾ ನಿಯಮಗಳ ಪುಟ ತೆರೆದರೆ ನಿಮ್ಮನ್ನು ಯಾವ ದೇಶಕ್ಕೆ ಸೇರಿಸಲಾಗಿದೆ ಎಂಬುದು ಕಾಣುತ್ತದೆ. ತಪ್ಪಿದ್ದರೆ ಬದಲಿಸುವಂತೆ ಕೇಳಬಹುದು. ವಾಟ್ಸ್‌ಆ್ಯಪ್ ಕೂಡ ಯುರೋಪಿನವರಿಗೆ ಬೇರೆಯದೇ ಗೋಪ್ಯತಾ ನೀತಿ ಇಟ್ಟಿದೆ. ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಡೆಯ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಹಾಕಿಕೊಂಡರೆ ದೇಶ ಬದಲಾಯಿತು ಎಂದು ನಂಬಿದವರು ಬಹಳ ಮಂದಿ. ಅದು ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸವನ್ನು ಮರೆಮಾಡುತ್ತದೆ, ಅಷ್ಟೇ. ಮೊಬೈಲ್ ಸಂಖ್ಯೆ, ಬ್ಯಾಂಕ್ ಕಾರ್ಡ್, ಆ್ಯಪ್ ಸ್ಟೋರ್‌ನಲ್ಲಿ ನಮೂದಾದ ದೇಶ, ಸಾಧನದ ಸಮಯವಲಯ ಎಲ್ಲವೂ ಹಳೆಯ ಕಥೆಯನ್ನೇ ಹೇಳುತ್ತಿರುತ್ತವೆ.

ಇನ್ನು ಮಾಹಿತಿಯನ್ನು ಕೇಳುವ ಕೆಲಸ. ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ 2011ರಲ್ಲಿ ಫೇಸ್‌ಬುಕ್‌ನಿಂದ ತನ್ನ ಮಾಹಿತಿಯನ್ನು ಕೇಳಿ ಪಡೆದಾಗ ಬಂದದ್ದು 1,200ಕ್ಕೂ ಹೆಚ್ಚು ಪುಟ. ತಾನು ಅಳಿಸಿದ್ದ ಸಂದೇಶಗಳೂ ಅದರಲ್ಲಿದ್ದವು. ಯುರೋಪಿನಿಂದ ಅಮೆರಿಕಕ್ಕೆ ಮಾಹಿತಿ ಸಾಗಿಸಲು ಇದ್ದ ಎರಡು ಒಪ್ಪಂದಗಳನ್ನು ಐರೋಪ್ಯ ನ್ಯಾಯಾಲಯ 2015 ಮತ್ತು 2020ರಲ್ಲಿ ರದ್ದುಮಾಡಿದ್ದು ಇದೇ ವ್ಯಕ್ತಿ ಹೂಡಿದ ಹೋರಾಟದ ಫಲ. ಈಗ ನಿಮಗೆ ಅಷ್ಟು ಸಾಹಸ ಬೇಕಿಲ್ಲ. ದೊಡ್ಡ ಸೇವೆಗಳಲ್ಲಿ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳುವ ಗುಂಡಿಯೇ ಇದೆ. ಆದರೆ ಗುಂಡಿ ಒತ್ತಿದಾಗ ಸಿಗುವುದು ಬಹುತೇಕ ನೀವೇ ಕೊಟ್ಟದ್ದು: ಚಿತ್ರಗಳು, ಸಂದೇಶಗಳು, ಹುಡುಕಾಟಗಳು. ನನಗೆ ಕುತೂಹಲವಿರುವುದು ನಾವು ಕೊಡದೆ ಅವರೇ ಊಹಿಸಿಕೊಂಡ ಭಾಗದಲ್ಲಿ. ಜಾಹೀರಾತು ಆಸಕ್ತಿಗಳ ಪಟ್ಟಿ ತೆರೆದು ನೋಡಿ. ನನ್ನದರಲ್ಲಿ ಇಲ್ಲದ ಮಕ್ಕಳಿಗೆ ಶಾಲೆ ಹುಡುಕುವ ತಂದೆಯೊಬ್ಬ ಕುಳಿತಿದ್ದ! ನಗು ಬರುತ್ತದೆ, ನಿಜ. ಆದರೆ ಇಂಥದೇ ಊಹೆ ಸಾಲಕ್ಕೋ ವಿಮೆಗೋ ಆಧಾರವಾದರೆ ನಗಲಾಗದು.

ಹೀಗಾಗಿ ಯುರೋಪಿನ ಕಾನೂನು ನಿಮಗೆ ಅನ್ವಯಿಸುವ ಕಡೆ ಗುಂಡಿಗೆ ತೃಪ್ತರಾಗದೆ ಜಿಡಿಪಿಆರ್‌ನ 15ನೇ ವಿಧಿಯನ್ನು ಹೆಸರಿಸಿ ಪತ್ರ ಬರೆಯಿರಿ. ಮಾಹಿತಿ ಎಲ್ಲಿಂದ ಬಂತು, ಯಾರಿಗೆ ಹೋಯಿತು, ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿ. ಒಂದು ತಿಂಗಳಲ್ಲಿ ಉತ್ತರಿಸಬೇಕು. ಪ್ರಕರಣ ಜಟಿಲವಾಗಿದ್ದರೆ ಇನ್ನೆರಡು ತಿಂಗಳು ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ ಗಡುವು 45 ದಿನ, ಅದನ್ನೂ ಒಮ್ಮೆ ವಿಸ್ತರಿಸಲು ಅವಕಾಶವಿದೆ.

ಭಾರತದ ವಿಷಯ ಬೇರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ. ಓದುವಾಗ ಎರಡು ಅಂಶ ಗಮನಿಸಿ: ಈ ಕಾಯ್ದೆ ಕೊಡಿಸುವುದು ನಿಮ್ಮ ಮಾಹಿತಿಯ ಸಾರಾಂಶವನ್ನು, ಯುರೋಪಿನಂತೆ ಪ್ರತಿಯನ್ನಲ್ಲ. ಅಲ್ಲದೆ ನೀವೇ ಸಾರ್ವಜನಿಕಗೊಳಿಸಿದ ಮಾಹಿತಿ ಅದರ ವ್ಯಾಪ್ತಿಯಿಂದ ಹೊರಗೆ. ಎಲ್ಲರಿಗೂ ಕಾಣುವಂತೆ ಹಾಕಿದ ಹಳೆಯ ಬರಹಗಳನ್ನು ಈಗಲೇ ನೋಡಿಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ.

‘ಹೆಸರು ತೆಗೆದಿದ್ದೇವೆ, ಆದ್ದರಿಂದ ಅದು ನಿಮ್ಮ ಮಾಹಿತಿಯಲ್ಲ’ ಎಂಬ ಉತ್ತರ ಬಂದರೆ ಬಿಡಬೇಡಿ. ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ ಈ ಮೂರರಿಂದಲೇ ಶೇ 87ರಷ್ಟು ಅಮೆರಿಕನ್ನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಅಳಿಸುವಿಕೆಗೂ ಗಡಿ ಇದೆ. ಹುಡುಕಾಟದ ಫಲಿತಾಂಶದಿಂದ ಕೊಂಡಿ ತೆಗೆಸುವ ಹಕ್ಕನ್ನು ಐರೋಪ್ಯ ನ್ಯಾಯಾಲಯ 2014ರಲ್ಲಿ ಒಪ್ಪಿತು. ಆದರೆ ಅದನ್ನು ಜಗತ್ತಿನಾದ್ಯಂತ ತೆಗೆಯುವಂತೆ ಒಕ್ಕೂಟದ ಕಾನೂನು ಗೂಗಲ್‌ಗೆ ಕಡ್ಡಾಯ ಮಾಡುವುದಿಲ್ಲ ಎಂದು 2019ರಲ್ಲಿ ಹೇಳಿತು. ಪ್ಯಾರಿಸ್‌ನಲ್ಲಿ ಮಾಯವಾದ ಪುಟ ಬೇರೆ ಖಂಡದಲ್ಲಿ ಹಾಗೆಯೇ ಕಾಣಬಹುದು. ಅಳಿಸಿದ ಮೇಲೆ ಬೇರೆ ದೇಶದಲ್ಲಿರುವ ಸ್ನೇಹಿತರೊಬ್ಬರಿಂದ ಹುಡುಕಿಸಿ ನೋಡಿ.

ಇಳಿಸಿಕೊಂಡ ಪ್ರತಿಗಳನ್ನು ಮಾತ್ರ ಕ್ಲೌಡ್‌ನಲ್ಲಿ ಬಿಡಬೇಡಿ. ಬೇಕಾದದ್ದನ್ನು ಟಿಪ್ಪಣಿ ಮಾಡಿಕೊಂಡು ಕಡತವನ್ನು ಅಳಿಸಿಬಿಡಿ. ಉಳಿಸಲೇಬೇಕೆಂದರೆ ಎನ್‌ಕ್ರಿಪ್ಟ್ ಮಾಡಿದ (ಕೀಲಿಯಿಲ್ಲದೆ ಓದಲಾಗದಂತೆ ಸಂಕೇತಕ್ಕೆ ಬದಲಿಸಿದ) ಡ್ರೈವ್‌ನಲ್ಲಿ ಇಡಿ.