ಕೇಳಿ, ಹೇಳ್ತೇನೆ: ಚಿಕಾಗೋದ ಮೆಕ್ಸಿಕನ್ ಓಣಿ

ಪ್ರಶ್ನೆ: ಮಗನಿಗೆ ಚಿಕಾಗೋದಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆ ಕಡಿಮೆ ಅಂತ ಪಿಲ್ಸೆನ್ ಎಂಬ ಕಡೆ ಖೋಲಿ ನೋಡಿದ್ದಾನೆ. ಅದು ಮೆಕ್ಸಿಕನ್ ಕೂಲಿಗಳ ಏರಿಯಾ ಅಂತ ನೆಂಟರು ಹೆದರಿಸುತ್ತಿದ್ದಾರೆ. ಮಗಳ ಮನೆಗೆ ಹೋದಾಗ ನೀವು ಅಲ್ಲೆಲ್ಲ ಓಡಾಡಿದವರು. ಹೇಗಿದೆ ಜಾಗ? (ಓದುಗರೊಬ್ಬರು, ಭಾಂಡುಪ್)

ಉತ್ತರ: ಕೂಲಿಗಳ ಏರಿಯಾ ಅಂದರೆ ಬೈಗುಳವೇ? ನಾನು ಮುಂಬಯಿಯ ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದವನು. ನಿಮ್ಮ ನೆಂಟರ ಅಜ್ಜಂದಿರೂ ಮುಂಬಯಿಗೆ ಕಲೆಕ್ಟರಾಗಿ ಬಂದಿರಲಿಕ್ಕಿಲ್ಲ.

ಪಿಲ್ಸೆನ್‌ನಲ್ಲಿ ಹಿಂದೆ ಇದ್ದವರು ಚೆಕ್ ಕಾರ್ಮಿಕರು. 1892ರಲ್ಲಿ ಎದ್ದ ಅವರ ಕಾಲದ ಥಾಲಿಯಾ ಹಾಲ್ 18ನೇ ಬೀದಿಯಲ್ಲಿ ಈಗಲೂ ಇದೆ. 1960ರ ದಶಕದಲ್ಲಿ ಹತ್ತಿರದ ವಸತಿಯನ್ನು ಕೆಡವಿ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ ಕಟ್ಟಿದರು. ಅಲ್ಲಿಂದ ಎದ್ದ ಮೆಕ್ಸಿಕನ್ ಸಂಸಾರಗಳಲ್ಲಿ ಬಹಳ ಮಂದಿ ಇಲ್ಲಿಗೆ ಬಂದರು. ಆಗ ಓಣಿಯಲ್ಲಿ ಹೈಸ್ಕೂಲೇ ಇರಲಿಲ್ಲ. ತಾಯಂದಿರು ಬೀದಿಗಿಳಿದು ಜಗಳ ಮಾಡಿದರು. ಕೊನೆಗೆ 1977ರಲ್ಲಿ ಬೆನಿಟೋ ಹುವಾರೆಸ್ ಹೈಸ್ಕೂಲ್ ಬಂತು. ನಮ್ಮ ಕರಾವಳಿಯ ಮೊಗವೀರರು 1908ರಲ್ಲೇ ಮುಂಬಯಿಯಲ್ಲಿ ಪುಕ್ಕಟೆ ರಾತ್ರಿ ಶಾಲೆ ತೆರೆದದ್ದು ನೆನಪಾಯಿತು. ಹೊಟ್ಟೆಪಾಡಿಗೆ ಬಂದವರು ಮೊದಲು ಕೇಳುವುದು ಶಾಲೆಯನ್ನೇ.

1976ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅಲ್ಲಿನ ಒಂದು ಮನೆಗೆ ಬೆಂಕಿ ಬಿತ್ತು. ಒಳಗೆ ಮಕ್ಕಳಿದ್ದಾರೆ ಅಂತ ಜನ ಸ್ಪ್ಯಾನಿಷ್‌ನಲ್ಲಿ ಕೂಗಿದರು. ಬೆಂಕಿ ಆರಿಸಲು ಬಂದವರಿಗೆ ಆ ಮಾತು ತಿಳಿಯಲಿಲ್ಲ. ಮಕ್ಕಳೂ ತಾಯಂದಿರೂ ಸತ್ತರು. ಆ ನೋವಿನಲ್ಲೇ ಮರುವರ್ಷ ಗುಡ್ ಫ್ರೈಡೇ ದಿನ ಓಣಿಯವರು ಏಸುವಿನ ಕಡೆಯ ಪಯಣವನ್ನು ವೇಷ ಕಟ್ಟಿ 18ನೇ ಬೀದಿಯಲ್ಲಿ ನಡೆಸಿದರು. ಅದು ಈಗ ವರ್ಷವರ್ಷದ ಪದ್ಧತಿ. ಏಸುವಾಗಿ ಶಿಲುಬೆ ಹೊರುವವನು, ಚಾವಟಿ ಹಿಡಿದ ರೋಮನ್ ಸೈನಿಕ, ಎಲ್ಲರೂ ಊರವರೇ.

ನನಗೆ ಹೊಟ್ಟೆಕಿಚ್ಚಾದದ್ದು ಇಲ್ಲಿ. ಅವರದ್ದೆಲ್ಲ ಬೀದಿಯಲ್ಲಿ. 16ನೇ ಬೀದಿಯ ರೈಲು ಕಟ್ಟೆಯ ಗೋಡೆಗೆ ಚಿತ್ರ. 18ನೇ ಬೀದಿಯ ರೈಲು ಸ್ಟೇಷನ್ನಿನ ಮೆಟ್ಟಿಲಿಗೂ ಚಿತ್ರ. ಮೇಷ್ಟ್ರುಗಳು ಸೇರಿ ಶುರು ಮಾಡಿದ ಮೆಕ್ಸಿಕನ್ ಕಲೆಯ ಮ್ಯೂಸಿಯಂ 1987ರಲ್ಲಿ ಪಾರ್ಕಿನ ಕಟ್ಟಡದಲ್ಲಿ ಬಾಗಿಲು ತೆರೆಯಿತು, ಒಳಗೆ ಹೋಗಲು ಟಿಕೆಟ್ ಇಲ್ಲ. ನಾವು ಮುಂಬಯಿ ಕನ್ನಡಿಗರೋ, ಯಕ್ಷಗಾನವನ್ನೂ ಸಾಹಿತ್ಯ ಗೋಷ್ಠಿಯನ್ನೂ ಸಂಘದ ಹಾಲಿನೊಳಗೆ ಮಾಡಿ, ಊಟ ಮುಗಿಸಿ, ಲೋಕಲ್ ಹಿಡಿಯುವವರು. ಎದುರು ಅಂಗಡಿಯ ಮರಾಠಿ ಮಾಮನಿಗೆ ಒಳಗೆ ಏನು ನಡೆಯಿತು ಅಂತಲೇ ಗೊತ್ತಿರಲ್ಲ. ಶನಿಪೂಜೆ ಒಂದನ್ನು ಬಿಡಿ, ಅದಕ್ಕೆ ಚಾಳಿಗೆ ಚಾಳೇ, ಅಂದರೆ ಇಡೀ ವಠಾರವೇ, ಬರುತ್ತಿತ್ತು.

ಬಾಡಿಗೆ ಕಡಿಮೆ ಎಂದಿರಲ್ಲ, ಅದು ಹಳೇ ಮಾತು. ಚಿತ್ರ ನೋಡಲು ಬಂದವರು ಕಾಫಿ ಕುಡಿದರು, ಆಮೇಲೆ ಮನೆ ಕೊಂಡರು. ತೆರಿಗೆ, ಬಾಡಿಗೆ ಎರಡೂ ಏರಿ ಸಾವಿರಾರು ಮೆಕ್ಸಿಕನ್ನರು ಪಶ್ಚಿಮಕ್ಕೆ, ಉಪನಗರಗಳಿಗೆ ಹೋದರು. ಮುಂಬಯಿಯ ಗಿರಣಗಾಂವದ ಬಟ್ಟೆ ಮಿಲ್ಲುಗಳ ಜಾಗದಲ್ಲಿ ಮಾಲ್ ಎದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಿಮ್ಮ ಮಗನ ಕಂಪನಿ ಸಂಬಳವೂ ಆ ಏರಿಕೆಯ ಒಂದು ಭಾಗ. ಅದಕ್ಕೇ ನೆಂಟರ ಹೆದರಿಕೆ ಕೇಳಿ ನಗು ಬಂತು. ಹೆದರಬೇಕಾದವರು ಪಕ್ಕದ ಮನೆಯ ಬಾಡಿಗೆದಾರರು. ರಾತ್ರಿ ಎಚ್ಚರ ಬೇಕು, ಯಾವ ದೊಡ್ಡ ಊರಲ್ಲಿ ಬೇಡ? ಸಾಮಾನನ್ನು ಓಣಿಯ ಅಂಗಡಿಯಲ್ಲೇ ತಗೊಳ್ಳಲಿ.

ಪ್ರಶ್ನೆ: ಅಲ್ಲಿನ ಮೆಕ್ಸಿಕನ್ನರು ಹುಡುಗಿಗೆ 15 ತುಂಬಿದರೆ ಮದುವೆಯಷ್ಟು ಖರ್ಚು ಮಾಡುತ್ತಾರಂತೆ. ದುಡಿದು ತಿನ್ನುವವರಿಗೆ ಇದು ಬೇಕಾ? (ಓದುಗರೊಬ್ಬರು, ಪುಣೆ)

ಉತ್ತರ: ಅದಕ್ಕೆ ಕಿನ್ಸೆಯನ್ಯೇರಾ ಅನ್ನುತ್ತಾರೆ. ಚರ್ಚಿನಲ್ಲಿ ಪೂಜೆ, ಆಮೇಲೆ ಊಟ, ಅಪ್ಪನ ಜೊತೆ ಕುಣಿತ. ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಹೀಲ್ಸ್ ತೊಡಿಸುವವನೂ ಎಷ್ಟೋ ಕಡೆ ಅಪ್ಪನೇ. ಖರ್ಚು ಹೌದು, ಆದರೆ ಅಪ್ಪ ಒಬ್ಬನದೇ ಅಲ್ಲ. ‘ಪದ್ರಿನೋ’ ಅಂತ ನೆಂಟರು, ಸ್ನೇಹಿತರು ಹಂಚಿಕೊಳ್ಳುತ್ತಾರೆ: ಕೇಕ್ ಒಬ್ಬರದು, ಉಡುಪು ಇನ್ನೊಬ್ಬರದು, ವಾದ್ಯದವರ ದುಡ್ಡು ಮತ್ತೊಬ್ಬರದು. ನಾಳೆ ಅವರ ಮನೆಯಲ್ಲಿ ಕಾರ್ಯವಾದರೆ ಇವರು ಕೈ ಹಾಕಬೇಕು. ನಮ್ಮ ಮುಯ್ಯಿ ಇದ್ದಂತೆ. ಬೇಕಾ ಅಂತ ಕೇಳುವ ಮೊದಲು ನಮ್ಮ ಮದುವೆ ಹಾಲುಗಳ ಬಿಲ್ ಒಮ್ಮೆ ನೋಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಆ ಮೆಕ್ಸಿಕನ್ ಓಣಿಗೆ ಹೋಗಬೇಕು. ಸಸ್ಯಾಹಾರಿ. ಬೀದಿಯಲ್ಲಿ ಏನು ತಿನ್ನಬಹುದು? (ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಟಮಾಲೆ ನೋಡಿ ಮೋಸ ಹೋಗಬೇಡಿ. ಮೆಕ್ಕೆಜೋಳದ ಹಿಟ್ಟನ್ನು ಅದರ ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿರುತ್ತಾರೆ. ಒಳಗೆ ಬರೀ ಮೆಣಸಿನಕಾಯಿ, ಚೀಸ್ ಇದ್ದರೂ ಹಿಟ್ಟಿಗೆ ಹಂದಿ ಕೊಬ್ಬು ಕಲಸಿರಬಹುದು. ಬೀನ್ಸ್ ಬೇಯಿಸುವಾಗಲೂ ಹಾಕುತ್ತಾರೆ. ಆ ಕೊಬ್ಬಿಗೆ ಸ್ಪ್ಯಾನಿಷ್‌ನಲ್ಲಿ ಮಾಂತೆಕಾ ಅನ್ನುತ್ತಾರೆ. ‘ಮಾಂತೆಕಾ?’ ಅಂತ ಕೇಳಿ, ಅವರಿಗೆ ಅರ್ಥವಾಗುತ್ತದೆ. ಮೆಕ್ಕೆಜೋಳದ ಟೋರ್ಟಿಯಾಗೆ ಸಾಮಾನ್ಯವಾಗಿ ಹಿಟ್ಟು, ನೀರು ಅಷ್ಟೇ. ಗಾಡಿಯ ಬೇಯಿಸಿದ ಜೋಳಕ್ಕೆ ಮಯೊನೇಸ್ ಸವರುತ್ತಾರೆ, ಮೊಟ್ಟೆ ತಿನ್ನದಿದ್ದರೆ ಬೇಡ ಅನ್ನಿ. ನಿಂಬೆ, ಖಾರಪುಡಿ ಜಾಸ್ತಿ ಹಾಕಿಸಿಕೊಳ್ಳಿ.